ಬೆಚ್ಚಗಿನ ಕೆರೆ ಯಾವಾಗ ಒಳ್ಳೇದು? ಹಿರಿಯಡಕದ ಕಡೆ ಈಜುವ ನನ್ನ ಅನುಭವ

ನಮ್ಮ ಉಡುಪಿ ಕಡೆ ಈಜು ಅಂದ್ರೆ ಎಪ್ರಿಲ್, ಮೇ. ಮಕ್ಕಳಿಗೆ ರಜೆ, ಸೆಕೆ ತಡೆಯಲಾಗದು, ನೀರೂ ಬೆಚ್ಚಗೆ. ಆದರೆ ವರ್ಷದ ಹೆಚ್ಚಿನ ತಿಂಗಳು ಒಂದೇ ಕೆರೆಗೆ ಇಳಿಯುವ ನನ್ನನ್ನು ಕೇಳಿದರೆ, ಮಳೆಗಾಲ ಬಿಟ್ಟರೆ ಈಜಲು ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಒಳ್ಳೇ ಕಾಲ ದೀಪಾವಳಿಯಿಂದ ಶಿವರಾತ್ರಿವರೆಗೆ.

ಕೆರೆ ಇರುವುದು ಹಿರಿಯಡಕದ ಆಚೆ, ಗುಡ್ಡದ ಬುಡದಲ್ಲಿ. ಮುರಕಲ್ಲು ಕಡಿದು ಮಾಡಿದ ಹಳೇ ಕೆರೆ. ಒಂದು ಬದಿ ಮೆಟ್ಟಿಲು, ಕೆಳಗೆ ಅಡಿಕೆ ತೋಟ. ಮಳೆ ಮುಗಿದಾಗ ಎರಡಾಳು ನೀರು, ಮೇ ಕೊನೆಗೆ ಎದೆಮಟ್ಟ. ಇಷ್ಟು ಸಣ್ಣ ಕೆರೆ ಬಿಸಿಲಿಗೆ ಬೇಗ ಕಾಯುತ್ತದೆ, ರಾತ್ರಿ ಬೇಗ ಆರುತ್ತದೆ. ಹಾಗಾಗಿ ನಾನು ಹೇಳುವ ಅಂಕೆಗಳನ್ನು ದೊಡ್ಡ ಅಣೆಕಟ್ಟಿನ ಹಿನ್ನೀರಿಗೆ ಹೊಂದಿಸಬೇಡಿ.

ಅಳತೆಗೆ ಇರುವುದು ಮೀನಿನ ತೊಟ್ಟಿಗೆ ಹಾಕುವ ಗಾಜಿನ ಥರ್ಮಾಮೀಟರ್. ಮೇಲಿನ ನೀರಿಗಾದರೆ ಮೊಣಕೈ ಮುಳುಗುವಷ್ಟು ಆಳದಲ್ಲಿ ಹಿಡಿದು, ಎರಡು ನಿಮಿಷ ಬಿಟ್ಟು, ಬುಡ ನೀರಲ್ಲಿರುವಾಗಲೇ ಓದಬೇಕು. ಪೂರ್ತಿ ಮೇಲೆತ್ತಿದರೆ ಒದ್ದೆ ಗಾಜಿಗೆ ಗಾಳಿ ತಾಗಿ ಅಂಕೆ ಇಳಿದುಬಿಡುತ್ತದೆ. ಅಡಿಯ ನೀರಿಗೆ ಬೇರೆ ಉಪಾಯ. ದಪ್ಪ ಬಾಟಲಿಯ ಬುಡಕ್ಕೆ ಕಲ್ಲು ಕಟ್ಟಿ, ಬಾಯಿಗೆ ಬಿರಡೆ ಹಾಕಿ, ಕುತ್ತಿಗೆಗೆ ಒಂದು ಹಗ್ಗ, ಬಿರಡೆಗೆ ಇನ್ನೊಂದು. ಕುತ್ತಿಗೆಯ ಹಗ್ಗದಲ್ಲಿ ಮೊಳಕ್ಕೊಂದು ಗಂಟು. ಬೇಕಾದ ಗಂಟಿನವರೆಗೆ ಇಳಿಸಿ ಬಿರಡೆ ಜಗ್ಗಿದರೆ ಗುಳುಗುಳು ಗುಳ್ಳೆ ಏಳುತ್ತದೆ. ಗುಳ್ಳೆ ನಿಂತ ಮೇಲೆ ಬಾಟಲಿ ಎಳೆದು, ತಡ ಮಾಡದೆ ಥರ್ಮಾಮೀಟರ್ ಅದ್ದುವುದು. ತೋಟದ ಅಜ್ಜ ಇದನ್ನು ನೋಡಿ "ಎಂತದು ಮಾರಾಯ, ಕೆರೆಗೆ ಜ್ವರ ಬಂತಾ?" ಅಂದರು. ಎಪ್ರಿಲ್ ಮಧ್ಯಾಹ್ನದ ಮಟ್ಟಿಗೆ ಅವರು ಹೇಳಿದ್ದು ಸುಳ್ಳೇನಲ್ಲ.

ಎಪ್ರಿಲಿನಲ್ಲಿ ಮೂರು ಗಂಟೆ ಹೊತ್ತಿಗೆ ಮೇಲಿನ ನೀರು 32, 33 ಡಿಗ್ರಿ ಮುಟ್ಟುತ್ತದೆ. ಅದೇ ಹೊತ್ತಿಗೆ ಅಡಿಯಲ್ಲಿ ಸುಮಾರು 29. ಬಿಸಿ ನೀರು ಹಗುರ, ಹಾಗಾಗಿ ಮೇಲೇ ಕೂತಿರುತ್ತದೆ. ಭುಜಕ್ಕೆ ಬಿಸಿ, ಪಾದಕ್ಕೆ ತಂಪು. ರಾತ್ರಿ ಮೇಲ್ಪದರ ತಣಿದು, ಭಾರವಾಗಿ ಕೆಳಗಿಳಿದು, ಬೆಳಗ್ಗೆ ಆರಕ್ಕೆ ಹೋದರೆ ಎಲ್ಲಾ ಕಡೆ ಹೆಚ್ಚುಕಮ್ಮಿ 30.

ಈಜಿನ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಅಕ್ವಾಟಿಕ್ಸ್ ನಿಯಮದ ಪ್ರಕಾರ ಕೆರೆ, ಕಡಲಿನಂಥ ತೆರೆದ ನೀರಿನ ಸ್ಪರ್ಧೆಗೆ 16ರಿಂದ 31 ಡಿಗ್ರಿ ಇರಬೇಕು. ಅಂದರೆ ಎಪ್ರಿಲ್ ಮಧ್ಯಾಹ್ನ ನಮ್ಮ ಕೆರೆಯಲ್ಲಿ ಅವರು ಸ್ಪರ್ಧೆ ಮಾಡುವ ಹಾಗೇ ಇಲ್ಲ. ಕಾರಣ ಸುಲಭ. ಜೋರಾಗಿ ಕೈಕಾಲು ಬಡಿದರೆ ಮೈಯಲ್ಲಿ ಬಿಸಿ ಹುಟ್ಟುತ್ತದೆ, ನೀರೇ ಬಿಸಿಯಿದ್ದರೆ ಅದು ಸುಲಭವಾಗಿ ಹೊರಗೆ ಹೋಗುವುದಿಲ್ಲ. ಬೆವರುತ್ತೇವೆ, ಆದರೆ ನೀರೊಳಗೆ ಬೆವರು ಆರುವುದಿಲ್ಲ, ಬೆವರಿದ್ದೇ ಗೊತ್ತಾಗುವುದಿಲ್ಲ. ಮನೆಗೆ ಬಂದ ಮೇಲೆ ತಲೆನೋವು. ಬೇಸಿಗೆಯಲ್ಲಿ ನಾನು ಬೆಳಗ್ಗೆಯೇ ಹೋಗುತ್ತೇನೆ, ಮೆಟ್ಟಿಲ ಮೇಲೆ ಒಂದು ಬಾಟಲಿ ಮಜ್ಜಿಗೆ ಇಟ್ಟಿರುತ್ತೇನೆ, ವೇಗಕ್ಕೆ ಹೋಗುವುದಿಲ್ಲ.

ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8.2 ಮಿಲಿಗ್ರಾಂ, 30ರಲ್ಲಿ 7.5. ಇದರ ಮೇಲೆ ರಾತ್ರಿಯಿಡೀ ಪಾಚಿಯೂ ಉಸಿರಾಡಿ ಇದ್ದದ್ದನ್ನು ಮುಗಿಸಿರುತ್ತದೆ. ಹಾಗಾಗಿ ಮೇ ತಿಂಗಳ ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ. ಅದನ್ನು ಕಂಡ ದಿನ ನಾನು ಇಳಿಯುವುದಿಲ್ಲ. ಗಾಳಿ ತಳ್ಳಿದ ಮೂಲೆಯಲ್ಲಿ ಹಸಿರು ಬಣ್ಣ ಚೆಲ್ಲಿದಂಥ ಕೆನೆ ಕಟ್ಟಿದರೂ ಅಷ್ಟೇ. ಆ ಜಾತಿಯ ಪಾಚಿಯಲ್ಲಿ ಕೆಲವು ವಿಷ ಬಿಡುತ್ತವೆ, ಯಾವುದು ಬಿಡುತ್ತದೆ ಅಂತ ಕಣ್ಣಲ್ಲಿ ನೋಡಿ ಹೇಳಲಾಗದು.

ಇನ್ನು ಅಮೀಬಾ. ಪಕ್ಕದ ಕೇರಳದಲ್ಲಿ 2024, 2025ರಲ್ಲಿ ಮಿದುಳಿಗೆ ಹೋಗುವ ಅಮೀಬಾ ಸೋಂಕಿನ ಸುದ್ದಿ ಎಲ್ಲರೂ ಓದಿದ್ದೀರಿ, ಅಲ್ವಾ? ಅಂಥ ಅಮೀಬಾಗಳಲ್ಲಿ ನೀಗ್ಲೇರಿಯಾ ಅನ್ನುವುದಕ್ಕೆ ಬೆಚ್ಚಗಿನ ಸಿಹಿನೀರು ಇಷ್ಟ. ನೀರು ಕುಡಿದರೆ ಬರುವುದಿಲ್ಲ, ಮೂಗಿನಿಂದ ಮೇಲೆ ಹೋದರೆ ಅಪಾಯ. ತೀರಾ ಅಪರೂಪ, ಆದರೆ ಬಂದರೆ ಬದುಕುವುದು ಕಷ್ಟ. ಹಾಗಾಗಿ ಮಾರ್ಚಿನಿಂದ ನನಗೆ ಮೂಗಿನ ಕ್ಲಿಪ್ ಕಡ್ಡಾಯ. ಕಟ್ಟೆಯಿಂದ ಹಾರುವುದು, ಅಡಿಯ ಕೆಸರು ಕಲಕುವುದು ಬಂದ್. ಕ್ಲಿಪ್ ಹಾಕಿದರೆ ಹುಡುಗರು ನಗುತ್ತಾರೆ, ನಗಲಿ.

ಈ ಕೆರೆಯಲ್ಲಿ ನನಗೆ ಅತಿ ಇಷ್ಟದ ಜಾಗ ಗುಡ್ಡದ ಬದಿಯ ಮೂಲೆ. ಅಲ್ಲಿ ಕಲ್ಲಿನ ಸಂದಿಯಿಂದ ಒಸರು ಬರುತ್ತದೆ. ಅಂಗೈ ಇಟ್ಟರೆ ಸಣ್ಣಗೆ ನೀರು ತಳ್ಳುವುದು ಗೊತ್ತಾಗುತ್ತದೆ. ನೆಲದೊಳಗಿನ ನೀರು ಊರಿನ ವರ್ಷದ ಸರಾಸರಿ ಉಷ್ಣತೆಯ ಹತ್ತಿರವೇ ಇರುತ್ತದೆ, ನಮ್ಮಲ್ಲಿ ಅದು ಸುಮಾರು 27. ಹಾಗಾಗಿ ಮೇ ತಿಂಗಳಲ್ಲಿ ಆ ಮೂಲೆ ತಂಪು, ಡಿಸೆಂಬರಿನಲ್ಲಿ ಅದೇ ಮೂಲೆ ಬೆಚ್ಚಗೆ. ಬಾವಿ ನೀರು ಚಳಿಗೆ ಬಿಸಿ, ಸೆಕೆಗೆ ತಂಪು ಅಂತ ಮನೆಯಲ್ಲಿ ಹೇಳುವುದೂ ಇದನ್ನೇ. ನೀರು ಅಲ್ಲಿ ಬದಲಾಗುವುದೇ ಇಲ್ಲ, ಬದಲಾಗುವುದು ಸುತ್ತಲಿನದ್ದು.

ಡಿಸೆಂಬರ್, ಜನವರಿಯ ಬೆಳಗ್ಗೆ ಕೆರೆ 24, 25ಕ್ಕೆ ಇಳಿಯುತ್ತದೆ. ಹೊರಗೆ ಗಾಳಿ ಇನ್ನೂ ತಣ್ಣಗೆ, ನೀರಿನ ಮೇಲೆ ಹಬೆ. ಇಳಿಯುವಾಗ ಏನೂ ಅನಿಸುವುದಿಲ್ಲ, ಚಳಿ ಹತ್ತುವುದು ಮೇಲೆ ಬಂದಾಗ. ಘಟ್ಟದ ಕಡೆಯಿಂದ ಬೀಸುವ ಒಣ ಗಾಳಿ ಮೈಮೇಲಿನ ನೀರನ್ನು ಆರಿಸುತ್ತಾ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಬೈರಾಸು ಕೈಗೆ ಸಿಗುವ ಹಾಗೆ ಕೊನೆಯ ಮೆಟ್ಟಿಲಲ್ಲೇ ಇಟ್ಟರೆ ಆಯಿತು. ಒಂದು ಗಂಟೆ ಈಜಿದರೂ ಸುಸ್ತಿಲ್ಲ, ನೀರು ತಿಳಿ, ಮಳೆ-ಗುಡುಗಿನ ಕಾಟವಿಲ್ಲ. ಎಪ್ರಿಲ್, ಮೇ ಮತ್ತು ಅಕ್ಟೋಬರಿನ ಸಂಜೆಗಳಲ್ಲಿ ಗುಡುಗು ಕೇಳಿದ ಕೂಡಲೇ ಹೊರಗೆ ಬರಲೇಬೇಕು.

ಬರೀ ಡಿಗ್ರಿ ನೋಡಿದರೆ ಆಟಿ ತಿಂಗಳೇ (ಜುಲೈ-ಆಗಸ್ಟ್) ಉತ್ತಮ ಅನ್ನಬೇಕು. ಮೋಡ, ಮಳೆ, ನೀರು 26, 27. ಸ್ಪರ್ಧೆಯ ಈಜುಕೊಳಕ್ಕೆ ಹೇಳಿರುವುದೂ 25ರಿಂದ 28. ಆದರೆ ಕೆರೆಗೆ ಗುಡ್ಡದ ಕೆಂಪು ಮಣ್ಣಿನ ಜೊತೆ ಗದ್ದೆ, ಹಟ್ಟಿ ತೊಳೆದ ನೀರೂ ಸೇರಿರುತ್ತದೆ. ಕಾಲಲ್ಲಿ ಸಣ್ಣ ಗಾಯ ಇದ್ದರೂ ಇಲಿ ಜ್ವರಕ್ಕೆ ಸಾಕು, ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಅದು ಹೊಸದಲ್ಲ. ಮೆಟ್ಟಿಲ ಮೇಲೆ ಹಾವಸೆ ಬೇರೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಾನು ಉಡುಪಿಯ ಅಜ್ಜರಕಾಡಿನ ಈಜುಕೊಳಕ್ಕೆ ಹೋಗುತ್ತೇನೆ, ಕ್ಲೋರಿನ್ ವಾಸನೆ ಸಹಿಸಿಕೊಂಡು.

ನವರಾತ್ರಿ ಕಳೆದ ಮೇಲೆ ಮತ್ತೆ ಕೆರೆ. ಬಿಳಿ ತಟ್ಟೆಗೆ ಹಗ್ಗ ಕಟ್ಟಿ ಇಳಿಸಿ ನೋಡುತ್ತೇನೆ. ಮೂರು ಮೊಳ ಇಳಿದರೂ ತಟ್ಟೆ ಕಾಣುತ್ತಿದ್ದರೆ ಇಳಿಯಬಹುದು, ಮೊದಲ ಗಂಟಿಗೇ ಮಾಯವಾದರೆ ಇನ್ನೊಂದು ವಾರ ಕಾಯುವುದು. ಮುಳುಗಿದವನನ್ನು ಹುಡುಕಬೇಕಾದರೂ ನೀರು ತಿಳಿಯಾಗಿರಬೇಕಲ್ಲ? ಒಬ್ಬನೇ ಹೋಗುವುದಿಲ್ಲ, ಖಾಲಿ ಎಣ್ಣೆ ಕ್ಯಾನ್ ಹಗ್ಗದ ಸಮೇತ ಕಟ್ಟೆ ಮೇಲೆ ಇರುತ್ತದೆ. ಪರವೂರಿನ ದೇವಸ್ಥಾನದ ಕೆರೆಯಾದರೆ ಕೇಳಿಯೇ ಇಳಿಯುವುದು. ಮುರಕಲ್ಲಿನ ಹಳೇ ಕೋರೆಗಳಿಗೆ ಮಾತ್ರ, ನೀರು ಎಷ್ಟೇ ತಿಳಿಯಿರಲಿ, ಯಾರೇ ಕರೆಯಲಿ, ಹೋಗುವುದಿಲ್ಲ. ಗೋಡೆ ಹಾಗೆ ನೇರ ಕಡಿದಿರುತ್ತದೆ, ಹತ್ತಿ ಬರಲು ಒಂದು ಮೆಟ್ಟಿಲೂ ಇರುವುದಿಲ್ಲ.