ದರ್ಶಿನಿ ಕೌಂಟರಿನಲ್ಲಿ ಬೇಕಂತಲೇ ಉಗ್ಗಿದೆ

ಬೇಕಂತಲೇ ಉಗ್ಗುತ್ತೇನೆ ಅಂದಾಗ ನಮ್ಮವರೇ, ಅಂದರೆ ನನ್ನ ಹಾಗೆ ಉಗ್ಗುವವರೇ, ನಕ್ಕರು. "ಇರೋದು ಸಾಲದಾ? ಅದೇ ಅಭ್ಯಾಸ ಆಗಿಬಿಡುತ್ತೆ" ಎಂದರು. ಈಗ ಅವರಲ್ಲೇ ಒಂದಿಬ್ಬರು "ಹೇಗೆ ಮಾಡಿದೆ ಹೇಳಪ್ಪಾ" ಅನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಖರ್ಚಿನ ಲೆಕ್ಕ. ಅಜ್ಜಿ ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದು ಬಿಟ್ಟಿ. ಆಮೇಲೆ 'ಗ್ಯಾರಂಟಿ ವಾಸಿ' ಎಂದ ಒಂದು ಕಡೆ ಹತ್ತಿರ ಹತ್ತಿರ 25 ಸಾವಿರ ಕಟ್ಟಿದೆ. ಎಳೆದೆಳೆದು ಮಾತಾಡಿಸಿದರು. ಆ ರೂಮಿನೊಳಗೆ ನಾನು ರೇಡಿಯೋ ವಾರ್ತೆ ಓದುವವರ ಹಾಗೆ. ಮೆಟ್ಟಿಲಿಳಿದು ಆಟೋದವರಿಗೆ 'ಬನಶಂಕರಿ' ಅನ್ನಬೇಕು, 'ಬ' ಮೇಲೇ ಬ್ಲಾಕ್, ಅಂದರೆ ಮಾತು ಅಲ್ಲೇ ಸಿಕ್ಕಿಕೊಂಡು ಹೊರಗೇ ಬರದು. ದುಡ್ಡು ವಾಪಸ್ ಕೇಳೋಣವೆಂದರೆ ಅದಕ್ಕೂ ಮಾತೇ ಬೇಕಲ್ಲ!

ಲೆಕ್ಕಕ್ಕೆ ಸಿಗದ ಖರ್ಚು ಇನ್ನೂ ಜಾಸ್ತಿ. ಸ್ಟಾಪಿನ ಹೆಸರು ಹೇಳುವುದು ತಪ್ಪಲಿ ಎಂದು ಬಿಎಂಟಿಸಿ ದಿನದ ಪಾಸ್ ತೆಗೆಯುತ್ತಿದ್ದೆ. ಆಗ 70 ರೂಪಾಯಿ. ನನ್ನ ದಾರಿಗೆ 20 ಸಾಕಿತ್ತು. ಮಸಾಲೆ ದೋಸೆ ಆಸೆ ಇದ್ದರೂ ಇಡ್ಲಿ. 'ಇ' ಸಲೀಸು, ಅಲ್ವಾ?

ಮಧ್ಯೆ, ಉಗ್ಗು ಕಡಿಮೆಯಾಗಲಿ ಎಂದು ನಮ್ಮ ಧ್ವನಿಯನ್ನೇ ತುಸು ತಡವಾಗಿ ಕಿವಿಗೆ ಕೇಳಿಸುವ ಆಪ್ ಕೂಡ ನೋಡಿದೆ. ಮನೆಯಲ್ಲಿ ಚೆನ್ನಾಗಿತ್ತು. ಕಲಾಸಿಪಾಳ್ಯದಲ್ಲಿ ಬಸ್ ಹಾರನ್ನೂ ಎರಡೆರಡು ಸಲ ಕೇಳಿಸಿತು. ಕಿತ್ತುಹಾಕಿದೆ.

ತಾನೂ ಉಗ್ಗುತ್ತಿದ್ದ ಅಮೆರಿಕದ ಮಾತಿನ ಚಿಕಿತ್ಸಕ ಚಾರ್ಲ್ಸ್ ವ್ಯಾನ್ ರೈಪರ್ ಹೇಳಿದ್ದು ಇಷ್ಟು: ಉಗ್ಗಿನ ಹೆದರಿಕೆ ಇಳಿಯಲು ಬೇಕಂತಲೇ ಉಗ್ಗಬೇಕು. ನಾನು ಅದನ್ನು ಟೋಕನ್ ಕೌಂಟರಿಗೆ ತಂದೆ. ಮಧ್ಯಾಹ್ನ ನಾಲ್ಕಕ್ಕೆ ಜನ ಕಡಿಮೆ. ಹೆದರಿಕೆ ಇಲ್ಲದ ಪದದಿಂದ ಶುರು: "ಕಾ-ಕಾ-ಕಾಫಿ." ತುಟಿ ಸಡಿಲ, ಕಣ್ಣು ಕ್ಯಾಷಿಯರ್ ಮೇಲೆ. ಮೊದಲ ವಾರಗಳಲ್ಲಿ ನಾಟಕದ ಉಗ್ಗು ನಿಜದ ಬ್ಲಾಕ್ ಆಗಿ ಗಂಟಲಿಗೇ ಕೂರುತ್ತಿತ್ತು. ಕ್ಯಾಷಿಯರ್ ತಾನೇ "ಕಾಫಿನಾ ಸಾರ್?" ಎಂದು ಪದ ಮುಗಿಸುತ್ತಿದ್ದ. ನಾನು ಬಿಡಲಿಲ್ಲ. ಅವನು ಮುಗಿಸಿದ ಮೇಲೂ ನನ್ನದು ಪೂರ್ತಿ ಹೇಳಿಯೇ ದುಡ್ಡು ಕೊಟ್ಟೆ. ತಿಂಗಳೆರಡು ಕಳೆದಮೇಲೆ 'ಮ-ಮ-ಮಸಾಲೆ', ಅದೂ ಬೆಳಗಿನ ಒಂಬತ್ತರ ರಷ್ಷಿನಲ್ಲಿ, ಹಿಂದೆ ಹತ್ತು ಜನ. ಒಬ್ಬರು "ಬೇಗ ಹೇಳ್ರೀ" ಎಂದರು. ಹೇಳಿದೆ, ನಿಧಾನವಾಗೇ. ತಿಂಗಳಿಗೆ ಖರ್ಚು 500-600, ಹೊಟ್ಟೆಗೂ ಬಿತ್ತು.

ಈಗಲೂ ಉಗ್ಗುತ್ತೇನೆ. ಆದರೆ ಆಫೀಸಿನಲ್ಲಿ ಗಿರಾಕಿಗಳ ಮುಂದೆ ಡೆಮೊ ಕೊಡುವವನು ನಾನೇ. "ನಾನು ಉಗ್ಗುತ್ತೇನೆ, ಸ್ವಲ್ಪ ಟೈಮ್ ಹಿಡಿಯುತ್ತೆ" ಎಂದು ಮೊದಲೇ ಹೇಳಿಬಿಡುತ್ತೇನೆ. ಚೆನ್ನಾಗಿ ಮಾತಾಡುವ ಇಬ್ಬರು ಸಹೋದ್ಯೋಗಿಗಳು ಆ ಕೆಲಸದಿಂದ ತಪ್ಪಿಸಿಕೊಳ್ಳುತ್ತಾರೆ, ಅದು ಬೇರೆ ಮಾತು.

ಫೋನಿನಲ್ಲಿ ಸ್ವಂತ ಹೆಸರು ಹೇಳುವುದಕ್ಕೆ ಇನ್ನೊಂದು ಉಪಾಯ ಇದೆ. ಅದನ್ನು ಬರೆದರೆ ತಿಳಿಯುವುದಿಲ್ಲ, ಎದುರಿಗೇ ತೋರಿಸಬೇಕು. ಬೇಕಾದವರು ನಾಲ್ಕು ಗಂಟೆಗೆ ಕೌಂಟರಿಗೆ ಬನ್ನಿ. ಆರ್ಡರ್ ಹೇಳುವವರು ನೀವು.