ಹಾಲು ಬತ್ತಿತು ಎನ್ನುವ ಮೊದಲು

ವರ್ಷ ದಾಟಿದ ಮಗುವನ್ನು ಮನೆಯಲ್ಲಿ ಬಿಟ್ಟು ಬೆಳಗಿನ ಮಂಗಳೂರು ರೈಲು ಹತ್ತುವ ಹುಡುಗಿಯರು ನಮ್ಮ ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆ ಈಗ ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ನನ್ನ ಹತ್ತಿರ ಬಂದು ಕುಳಿತವರ ಮಾತು ಒಂದೇ: "ದೊಡ್ಡಮ್ಮ, ಹಾಲು ಬತ್ತಿಹೋಯಿತು, ಯಾವ ಪುಡಿ ತಿನ್ನಲಿ?" ಪುಡಿಯ ವಿಷಯ ಆಮೇಲೆ. ಮಗು ಎಷ್ಟು ಹೊತ್ತಿಗೆಲ್ಲ ಕುಡಿಯುತ್ತದೆ ಎಂದು ಕೇಳಿದರೆ ಉತ್ತರವಿಲ್ಲ. ಬೆಳಿಗ್ಗೆ ಮಗು ಏಳುವ ಮೊದಲೇ ಸೀರೆ ಉಟ್ಟಾಗಿರುತ್ತದೆ. ಸಂಜೆ ಬಂದ ಕೂಡಲೇ ಮೊದಲು ಮೊಬೈಲ್, ಆಮೇಲೆ ಪಾತ್ರೆ, ಅದಾದ ಮೇಲೆ ಮಗು. ಅಷ್ಟರಲ್ಲಿ ಅಜ್ಜಿಯ ಕೈಯಿಂದ ಎರಡು ಬಿಸ್ಕೆಟ್ ತಿಂದ ಮಗುವಿಗೆ ಎದೆಹಾಲು ಯಾಕೆ ಬೇಕು?

ಎದೆ ಮೆತ್ತಗಾದರೆ ಹಾಲಿಲ್ಲ ಎಂದು ಅರ್ಥವಲ್ಲ. ಬಾಣಂತನದ ದಿನಗಳ ಹಾಗೆ ಬಿಗಿದು, ಸೋರಿ, ರವಿಕೆ ಒದ್ದೆಯಾಗುವ ಕಾಲ ಮುಗಿದಿರುತ್ತದೆ, ಅಷ್ಟೆ. ಮಗು ಕುಡಿಯುತ್ತಿರುವಾಗಲೂ ಹಾಲು ಉತ್ಪತ್ತಿಯಾಗುತ್ತಲೇ ಇರುತ್ತದೆ. ನಮ್ಮ ಬಾಯಾರು, ಪೆರ್ಲದ ಗುಡ್ಡಗಳಲ್ಲಿ ಕೊರೆದ ಸುರಂಗದ ನೀರಿನ ಹಾಗೆ ಅದು, ನೂಲಿನೆಳೆಯಷ್ಟು ಸಣ್ಣಗೆ ಇಳಿದರೂ ಇಳಿಯುತ್ತಲೇ ಇರುತ್ತದೆ. ಆದರೆ ತೆಗೆದಷ್ಟೇ ಬರುತ್ತದೆ. ಎದೆ ತುಂಬಿಕೊಂಡೇ ಗಂಟೆಗಟ್ಟಲೆ ನಿಂತರೆ ಇಷ್ಟು ಸಾಕು ಎಂದು ದೇಹ ತಿಳಿದುಕೊಳ್ಳುತ್ತದೆ. ಇದಿಷ್ಟು ತಿಳಿದಿದ್ದರೆ ಆ ಪುಡಿಯ ಡಬ್ಬಿಗಳಿಗೆ ಸುರಿದ ದುಡ್ಡಿನಲ್ಲಿ ಮಗುವಿಗೆ ಒಂದು ಚಿನ್ನದ ಉಂಗುರ ಬರುತ್ತಿತ್ತು.

ಆದ್ದರಿಂದ ಬೆಳಿಗ್ಗೆ ಎದ್ದ ಕೂಡಲೇ, ಕಾಫಿಗೂ ಮೊದಲು, ಹಾಸಿಗೆಯಲ್ಲೇ ಒಮ್ಮೆ ಕುಡಿಸಿ. ನಿದ್ದೆಗಣ್ಣಿನಲ್ಲೇ ಆದರೂ ಮಗು ಕುಡಿಯುತ್ತದೆ. ಸಂಜೆ ಬಂದು ಕೈಕಾಲು ತೊಳೆದದ್ದೇ ಎರಡನೆಯದು. ನೀವು ಬರುವುದಕ್ಕೆ ಒಂದು ಗಂಟೆ ಮೊದಲಿನಿಂದ ಮಗುವಿಗೆ ಏನೂ ತಿನ್ನಿಸಬಾರದೆಂದು ಅತ್ತೆಗೆ ಹೇಳಿಡಿ. ಅವರ ಮನಸ್ಸಿಗೆ ಬೇಸರವಾಗದಂತೆ ಹೇಳಿ, ಆದರೆ ಹೇಳಿ. ಮಲಗುವಾಗ ಇನ್ನೊಮ್ಮೆ, ರಾತ್ರಿ ಎದ್ದಾಗ ಮತ್ತೊಮ್ಮೆ. ರಾತ್ರಿಯದನ್ನು ತಪ್ಪಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಾಲು ಉತ್ಪತ್ತಿ ಮಾಡುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ದೇಹದಲ್ಲಿ ಹೆಚ್ಚು ಏರುವುದೇ ರಾತ್ರಿ ಹೊತ್ತು. ಹಗಲು ಪೂರ್ತಿ ಕಚೇರಿಯಲ್ಲಿ ಕಳೆದವಳು ರಾತ್ರಿಯನ್ನೂ ಬಿಟ್ಟರೆ ಉಳಿಯುವುದೇನು? ಮಗ್ಗುಲಾಗಿ ಮಲಗಿಯೇ ಕುಡಿಸಬಹುದು, ಎದ್ದು ಕೂರಬೇಕಾಗಿಲ್ಲ. ಹಲ್ಲು ಬಂದ ಮಗುವಿನ ಬಾಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ. ರಜೆಯ ದಿನ ಮಗು ಕೇಳಿದಾಗಲೆಲ್ಲ ಕೊಡಿ.

ಇನ್ನು ಮಧ್ಯಾಹ್ನ ಕಚೇರಿಯಲ್ಲಿ ಹಾಲು ಹಿಂಡಿ ತೆಗೆಯುವುದು. ಇದೊಂದನ್ನು ಮಾತ್ರ ನಾನು ಹೇಳಿದ ಹಾಗೇ ಮಾಡಬೇಕು, ಅರ್ಧ ಮಾಡಿ ಆಗಲಿಲ್ಲ ಎನ್ನಬಾರದು. ಎಲ್ಲರೂ ಪಂಪ್ ತರುತ್ತಾರೆ, ಅದರ ಬಾಟಲಿಯಲ್ಲಿ ತಳ ಮುಚ್ಚುವಷ್ಟು ಬಿದ್ದದ್ದನ್ನು ನೋಡಿ ಅಳುತ್ತಾರೆ. ಪಂಪಿಗೆ ಬಂದದ್ದು ಎದೆಯಲ್ಲಿರುವುದರ ಅಳತೆಯಲ್ಲ. ಮಗುವಿನ ಬಾಯಿ ಎಳೆಯುವ ಹಾಗೆ ಯಾವ ಯಂತ್ರವೂ ಎಳೆಯುವುದಿಲ್ಲ. ನನ್ನ ಕಾಲದಲ್ಲಿ ಪಂಪ್ ಎಂದರೆ ತೋಟಕ್ಕೆ ನೀರು ಬಿಡುವುದು ಮಾತ್ರ. ಹಳ್ಳಿಯ ಶಾಲೆಯೊಂದರಲ್ಲಿ ಟೀಚರಾಗಿದ್ದ ನಾನು ಊಟದ ಬೆಲ್ ಹೊಡೆದ ಕೂಡಲೇ ಭೂಪಟಗಳನ್ನು ಸುತ್ತಿಡುವ ಕೋಣೆಗೆ ಹೋಗುತ್ತಿದ್ದೆ. ಅಡುಗೆಯ ಹೆಂಗಸು ಬಾಗಿಲ ಹೊರಗೆ ಅಕ್ಕಿ ಆರಿಸುತ್ತಾ ಕೂತು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಕೈಯಲ್ಲೇ ಹಿಂಡುತ್ತಿದ್ದೆ. ನನ್ನ ಎರಡು ಮಕ್ಕಳೂ ಎರಡು ವರ್ಷ ದಾಟುವವರೆಗೆ ಕುಡಿದಿದ್ದಾರೆ.

ಬೇಕಾದದ್ದು ಇಷ್ಟು: ಸಣ್ಣ ಫ್ಲಾಸ್ಕಿನಲ್ಲಿ ಬಿಸಿನೀರು, ಹಳೆಯ ತೆಳು ಬೈರಾಸಿನ (ಟವೆಲಿನ) ಅರ್ಧ ತುಂಡು, ಬಾಯಿ ಅಗಲವಾದ ಸ್ಟೀಲ್ ಲೋಟ, ಮತ್ತು ಹಿಂದಿನ ದಿನ ಮಗು ಹಾಕಿ ತೆಗೆದ, ತೊಳೆಯದ ಅಂಗಿ. ಲೋಟವನ್ನು ಮನೆಯಲ್ಲೇ ಕುದಿಸಿ ಒಣಗಿಸಿ ಮುಚ್ಚಿ ತನ್ನಿ. ಕೈ ಸಾಬೂನಿನಲ್ಲಿ ತೊಳೆಯಿರಿ. ಶೌಚಾಲಯದಲ್ಲಿ ಮಾತ್ರ ಕೂರಬೇಡಿ, ಅದು ಊಟ ತಯಾರಿಸುವ ಜಾಗವೇ? ಹಳೆಯ ಕಡತ ತುಂಬಿದ ಕೋಣೆ ಪ್ರತಿ ಕಚೇರಿಯಲ್ಲೂ ಇರುತ್ತದೆ, ಕೇಳಿ. ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಮಾಮೂಲಿ ವಿರಾಮವಲ್ಲದೆ ಹಾಲೂಡಿಸಲು ದಿನಕ್ಕೆ ಎರಡು ವಿರಾಮ ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಕಾನೂನಿನಲ್ಲೇ ಬರೆದಿದೆ. 2017ರಲ್ಲಿ ರಜೆ 26 ವಾರವಾದದ್ದು ಮಾತ್ರ ಎಲ್ಲರಿಗೂ ಬಾಯಿಪಾಠ, ಇದನ್ನು ಯಾರೂ ಓದಿರುವುದಿಲ್ಲ.

ಬುತ್ತಿ ಬಿಚ್ಚುವ ಮೊದಲೇ ಕೂರಬೇಕು, ಉಂಡ ಮೇಲೆ ತೂಕಡಿಕೆ ಬರುತ್ತದೆ. ಬೈರಾಸನ್ನು ಬಿಸಿನೀರಿನಲ್ಲಿ ಅದ್ದಿ, ಹನಿ ಬೀಳದಷ್ಟು ಹಿಂಡಿ, ಮೊದಲು ಮಣಿಕಟ್ಟಿನ ಒಳಬದಿಗೆ ಇಟ್ಟು ನೋಡಿ. ಹಿತವೆನಿಸಿದರೆ ಎದೆಯ ಮೇಲೆ ಹಾಸಿ. ಒಂದು ಭಜನೆ ಮುಗಿಯುವಷ್ಟು ಹೊತ್ತು ಸಾಕು. ಆಮೇಲೆ ಬೆರಳುಗಳ ಚಪ್ಪಟೆ ಭಾಗದಿಂದ ಕಂಕುಳಿನ ಕಡೆಯಿಂದ ತೊಟ್ಟಿನ ಕಡೆಗೆ ಮೆಲ್ಲಗೆ ನೀವಿ. ಎಣ್ಣೆ ಬೇಡ, ಬೆರಳು ಜಾರುತ್ತದೆ. ಮುಂದಕ್ಕೆ ಬಾಗಿ. ಹೆಬ್ಬೆರಳು ಮೇಲೆ, ಎರಡು ಬೆರಳು ಕೆಳಗೆ, ಕಪ್ಪು ವೃತ್ತದ ಅಂಚಿಗಿಂತ ತುಸು ಹಿಂದೆ. ಹೆಚ್ಚಿನವರು ತೊಟ್ಟನ್ನೇ ಹಿಡಿದು ಎಳೆಯುತ್ತಾರೆ. ನೋವಾಗುತ್ತದೆ, ಹಾಲೂ ಬರುವುದಿಲ್ಲ. ಮೊದಲು ಬೆರಳುಗಳನ್ನು ಪಕ್ಕೆಲುಬಿನ ಕಡೆಗೆ ಹಿಂದಕ್ಕೆ ಒತ್ತಿ, ಒತ್ತಿದಲ್ಲಿಂದಲೇ ಒಂದಕ್ಕೊಂದು ಹತ್ತಿರ ತನ್ನಿ, ಬಿಡಿ. ಒತ್ತಿ, ಕೂಡಿಸಿ, ಬಿಡಿ. ಚರ್ಮದ ಮೇಲೆ ಬೆರಳು ಉಜ್ಜಬಾರದು.

ಮೊದಮೊದಲು ಏನೂ ಬರುವುದಿಲ್ಲ. ಹುಡುಗಿಯರು ಕೈಬಿಡುವುದೇ ಇಲ್ಲಿ. ಮಗುವೂ ಮೊದಲು ಖಾಲಿ ಚೀಪಿಯೇ ಹಾಲು ಇಳಿಸಿಕೊಳ್ಳುವುದಲ್ಲವೇ? ಅಂಗಿಯನ್ನು ಹೆಗಲ ಮೇಲೆ ಹಾಕಿ ಮೂಸಿ, ಬೇಕಾದರೆ ಮೊಬೈಲಿನಲ್ಲಿ ಮಗುವಿನ ಫೋಟೋ ನೋಡಿ, ವಾಟ್ಸಾಪ್ ಬೇಡ. ಹೆಗಲನ್ನು ಕಿವಿಯವರೆಗೆ ಎತ್ತಿಕೊಂಡು ಕೂತರೆ ಹಾಲು ಇಳಿಯುವುದಿಲ್ಲ. ಸ್ವಲ್ಪ ಹೊತ್ತಿಗೆ ಹನಿಯಾಗುತ್ತದೆ, ಆಮೇಲೆ ಎಳೆಯಾಗಿ ಚಿಮ್ಮುತ್ತದೆ. ಎಳೆ ಸಣ್ಣಗಾದರೆ ಇನ್ನೊಂದು ಬದಿ. ಅದೂ ಸಣ್ಣಗಾದರೆ ಮತ್ತೆ ಮೊದಲಿನದಕ್ಕೆ ಬನ್ನಿ, ಈ ಸಲ ಬೆರಳುಗಳನ್ನು ಮೇಲೆ ಕೆಳಗೆ ಬಿಟ್ಟು ಎಡಬಲಕ್ಕೆ ಇಟ್ಟು. ಲೋಟದೊಳಗೆ ಇಣುಕಿ ನೋಡುತ್ತಾ ಕೂರಬೇಡಿ. ನಾನು ಸೊಸೆಗೆ ಲೋಟದ ಸುತ್ತ ಕರವಸ್ತ್ರ ಕಟ್ಟಿಕೊಟ್ಟಿದ್ದೆ. ಕಾಣದಿದ್ದರೆ ಲೆಕ್ಕವಿಲ್ಲ, ಲೆಕ್ಕವಿಲ್ಲದಿದ್ದರೆ ಅಳುವೂ ಇಲ್ಲ.

ಹಿಂಡಿದ ಹಾಲು ಹೊರಗೆ ಹೆಚ್ಚೆಂದರೆ ನಾಲ್ಕು ಗಂಟೆ ಇರುತ್ತದೆ, ಏಪ್ರಿಲ್ ಸೆಕೆಯಲ್ಲಿ ಅಷ್ಟೂ ನಂಬಬೇಡಿ. ಫ್ರಿಜ್ಜಿನಲ್ಲಿ ನಾಲ್ಕು ದಿನ. ಕುದಿಸಬಾರದು, ಬಿಸಿನೀರಿನಲ್ಲಿ ಲೋಟ ಇಳಿಸಿಟ್ಟರೆ ಸಾಕು. ಬಾಟಲಿ ಬೇಡವೇ ಬೇಡ, ಈ ವಯಸ್ಸಿನ ಮಗು ಲೋಟದಲ್ಲೇ ಕುಡಿಯುತ್ತದೆ. ಉಳಿದರೆ ರಾಗಿ ಮಣ್ಣಿಗೋ (ರಾಗಿ ಸರಿಗೋ) ಅಂಗನವಾಡಿಯ ಅಮೃತಂ ಪುಡಿಯ ಗಂಜಿಗೋ ಬೆರೆಸಿ. ಗಂಜಿ ಆರಿದ ಮೇಲೆ ಬೆರೆಸಿ. ಹಾಲಿನ ಲೋಟವನ್ನು ಮೊದಲು ತಣ್ಣೀರಿನಲ್ಲಿ ಗಲಬರಿಸಿ, ಆಮೇಲೆ ಬಿಸಿನೀರು. ಮೊದಲೇ ಬಿಸಿನೀರು ಹೊಯ್ದರೆ ಹಾಲು ಅಂಟಿಕೊಳ್ಳುತ್ತದೆ. ಹಸುವಿನ ಹಾಲು ಕಾಯಿಸಿದ ಪಾತ್ರೆಗೂ ಇದೇ ಮಾತು, ತಣ್ಣೀರಿನಲ್ಲಿ ನೆನೆಹಾಕದೆ ಸ್ಟೀಲ್ ಬ್ರಶ್ಶಿನಲ್ಲಿ ಗೀಚಿ ಗೀಚಿ ನನ್ನ ಒಳ್ಳೊಳ್ಳೆಯ ಪಾತ್ರೆಗಳನ್ನು ಹಾಳು ಮಾಡಿದವರು ಈ ಮನೆಯಲ್ಲೇ ಇದ್ದಾರೆ.

ಪುಡಿಯ ಬದಲು ಊಟ ಮಾಡಿ. ಒಂದು ಹಿಡಿ ಕುಚ್ಚಲಕ್ಕಿ, ರಾತ್ರಿ ನೆನೆಸಿದ ಸ್ವಲ್ಪ ಮೆಂತೆ, ತೆಂಗಿನ ಹಾಲು, ಬೆಲ್ಲ. ಈ ಗಂಜಿಯಿಂದ ಹಾಲು ಹೊಳೆಯಾಗಿ ಹರಿಯುತ್ತದೆ ಎಂದು ನಾನು ಹೇಳುವುದಿಲ್ಲ, ನಿಮ್ಮ ಮೈಯಲ್ಲಿ ಶಕ್ತಿ ಇರುತ್ತದೆ. ಮೆಂತೆ ಅತಿಯಾದರೆ ಹೊಟ್ಟೆ ಕೆಡುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಮುಟ್ಟು ಹತ್ತಿರ ಬಂದಾಗ ಕೆಲವರಿಗೆ ಎರಡು ಮೂರು ದಿನ ಹಾಲು ಕಡಿಮೆಯಾಗುತ್ತದೆ, ತಾನಾಗಿ ಸರಿಯಾಗುತ್ತದೆ. ಮೂಗು ಕಟ್ಟಿದ್ದಕ್ಕೆ ಮೆಡಿಕಲಿನಿಂದ ತಂದು ನುಂಗುವ ಕೆಲವು ಮಾತ್ರೆಗಳೂ, ಕೆಲವು ಗರ್ಭನಿರೋಧಕ ಗುಳಿಗೆಗಳೂ ಹಾಲನ್ನು ತಗ್ಗಿಸುತ್ತವೆ, ಎದೆಹಾಲು ಕೊಡುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿ ಔಷಧ ಕೇಳಿ. ಎದೆಯ ಒಂದು ಭಾಗ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಆದರೆ ಕುಡಿಸುವುದನ್ನು ನಿಲ್ಲಿಸಬಾರದು.

"ಇಷ್ಟು ದೊಡ್ಡ ಮಗುವಿಗೆ ಇನ್ನೂ ಎದೆಹಾಲೇ?" ಎಂದು ಮದುವೆ ಮನೆಯಲ್ಲಿ ಕೇಳುವವರು ಇದ್ದೇ ಇರುತ್ತಾರೆ. ಎರಡು ವರ್ಷ, ಬೇಕಾದರೆ ಅದಕ್ಕೂ ಮೇಲೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಕೇಳಿದವರ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿ ಮುಂದೆ ಹೋಗಿ.

ನಿಲ್ಲಿಸಬೇಕೆಂದು ನಿಮಗೇ ಅನ್ನಿಸಿದಾಗ ಬೇವು ಹಚ್ಚಿ ಮಗುವನ್ನು ಹೆದರಿಸಬೇಡಿ. ಹಿಂದೆ ಹಾಲು ಬತ್ತಿಸಲು ಎದೆಗೆ ಮಲ್ಲಿಗೆ ಕಟ್ಟುತ್ತಿದ್ದರು, ಈಗಿನ ಮಲ್ಲಿಗೆಯ ಕ್ರಯದಲ್ಲಿ ಅದನ್ನು ಹೇಳಲು ನನಗೇ ಧೈರ್ಯವಿಲ್ಲ. ಒಂದು ಹೊತ್ತಿನದನ್ನು ಬಿಡಿ, ಮಗುವಿಗೂ ನಿಮಗೂ ಅದು ಒಗ್ಗಿದ ಮೇಲೆ ಇನ್ನೊಂದನ್ನು. ರಾತ್ರಿಯದು ಕೊನೆಗೆ. ನಡುವೆ ಎದೆ ಬಿಗಿದರೆ ಬಿಗಿ ಸಡಿಲವಾಗುವಷ್ಟೇ ಹಿಂಡಿ. ಪೂರ್ತಿ ಹಿಂಡಿದಿರೋ, ಮರುದಿನ ಮತ್ತೆ ಅಷ್ಟೇ ತುಂಬಿಕೊಂಡಿರುತ್ತದೆ.