ಇಪ್ಪತ್ತೆರಡು ಮಂದಿಯ ಕುಟುಂಬ, ಒಂದು ದಿನದ ಪಾರ್ಕ್: ಕಡಿಮೆ ಖರ್ಚಿನಲ್ಲಿ ವಂಡರ್‌ಲಾ ಪ್ರವಾಸವನ್ನು ಯೋಜಿಸುವ ಬಗೆ

ಅಜ್ಜ, ಅಜ್ಜಿ, ದೊಡ್ಡಪ್ಪ, ಚಿಕ್ಕಮ್ಮ, ಅವರ ಮಕ್ಕಳು, ಮೊಮ್ಮಕ್ಕಳು ಎಂದು ಇಪ್ಪತ್ತಕ್ಕೂ ಹೆಚ್ಚು ಮಂದಿ ಒಟ್ಟಾಗಿ ಮನೋರಂಜನಾ ಪಾರ್ಕಿಗೆ ಹೊರಟಾಗ ಖರ್ಚು ಕೈಮೀರುವುದಕ್ಕೆ ಟಿಕೆಟ್ಟಿನ ದುಬಾರಿ ಬೆಲೆಯೊಂದೇ ಕಾರಣವಲ್ಲ. ಬಂದವರೆಲ್ಲರಿಗೂ ಟಿಕೆಟ್ ಕೊಳ್ಳಲೇಬೇಕು ಎಂದು ಯಾರೂ ಯೋಚಿಸದೆ ಒಪ್ಪಿಕೊಂಡುಬಿಡುವುದು ಅದಕ್ಕಿಂತ ದೊಡ್ಡ ಕಾರಣ. ಪಾರ್ಕುಗಳ ಟಿಕೆಟ್ ಒಳಗಿನ ಎಲ್ಲ ರೈಡುಗಳನ್ನೂ ಸೇರಿಸಿ ನಿಗದಿಯಾಗಿರುತ್ತದೆ. ಹತ್ತು ಸಲ ರೋಲರ್ ಕೋಸ್ಟರ್ ಹತ್ತುವ ಹುಡುಗನೂ ಮರದ ನೆರಳಿನಲ್ಲಿ ಬ್ಯಾಗು ಕಾಯುತ್ತ ಕೂರುವ ಸೋದರತ್ತೆಯೂ ಹೆಚ್ಚುಕಡಿಮೆ ಅಷ್ಟೇ ಹಣ ತೆರುತ್ತಾರೆ. ಆದ್ದರಿಂದ ಯೋಜನೆಯ ಮೊದಲ ಕೆಲಸ ದಿನಾಂಕ ಗೊತ್ತುಮಾಡುವುದಲ್ಲ, ಒಳಗೆ ಹೋಗುವವರು ಯಾರು ಎಂಬುದನ್ನು ಗೊತ್ತುಮಾಡುವುದು.

ಮಾತು ಸ್ಪಷ್ಟವಾಗಲೆಂದು ಶಿವಮೊಗ್ಗ ಕಡೆಯ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ: ಅರವತ್ತು ದಾಟಿದ ಆರು ಮಂದಿ, ನಡುವಯಸ್ಸಿನವರೂ ಯುವಕರೂ ಸೇರಿ ಹತ್ತು ಮಂದಿ, ಆರು ಮಕ್ಕಳು. ಅವರು ಹೊರಟಿರುವುದು ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ, ಬಿಡದಿಯ ಸಮೀಪ 2005ರಲ್ಲಿ ಆರಂಭವಾದ ವಂಡರ್‌ಲಾಗೆ. ಬೀದರ್, ಕಲಬುರಗಿ ಕಡೆಯವರು ಬಿಡದಿಯವರೆಗೆ ಬರುವುದಕ್ಕಿಂತ ಹೈದರಾಬಾದಿಗೆ ಹೋಗುವುದು ಲೇಸು; ಅಲ್ಲಿ ಇದೇ ಸಂಸ್ಥೆಯ ಪಾರ್ಕೂ ಇದೆ, ರಾಮೋಜಿ ಫಿಲ್ಮ್ ಸಿಟಿಯೂ ಇದೆ. ಬೆಳಗಾವಿಯವರಿಗೆ ಮುಂಬೈ–ಪುಣೆ ದಾರಿಯ ಖೋಪೋಲಿಯಲ್ಲಿರುವ ಇಮ್ಯಾಜಿಕಾ ಹತ್ತಿರವಾಗುತ್ತದೆ. ಮೈಸೂರು ನೋಡಲೆಂದೇ ಬಂದವರು, ಪುಟ್ಟ ಮಕ್ಕಳೇ ಹೆಚ್ಚಾಗಿದ್ದರೆ, ಅಲ್ಲಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕಿನಲ್ಲೇ ತೃಪ್ತಿಪಡಬಹುದು. ದೊಡ್ಡ ಗುಂಪಿಗೆ ದೂರ ಹೆಚ್ಚಾದಷ್ಟೂ ವಾಹನ, ವಸತಿ, ಊಟ ಮೂರೂ ಬೆಳೆಯುತ್ತವೆ. ಪಾರ್ಕಿನ ಹೆಸರಿಗಿಂತ ಈ ಲೆಕ್ಕ ಮುಖ್ಯ.

ಮಕ್ಕಳ ವಿಷಯದಲ್ಲಿ ವಯಸ್ಸಿಗಿಂತ ಎತ್ತರ ಮುಖ್ಯವಾಗುತ್ತದೆ. ವಂಡರ್‌ಲಾದಲ್ಲಿ 85 ಸೆಂಟಿಮೀಟರಿಗಿಂತ ಕಡಿಮೆ ಎತ್ತರದ ಮಗುವಿಗೆ ಟಿಕೆಟ್ ಇಲ್ಲ. ಅಲ್ಲಿಂದ 140 ಸೆಂಟಿಮೀಟರಿನವರೆಗೆ ಮಕ್ಕಳ ಟಿಕೆಟ್, ಅದಕ್ಕೂ ಮೇಲ್ಪಟ್ಟರೆ ಹತ್ತು ವರ್ಷದ ಹುಡುಗಿಯಾದರೂ ದೊಡ್ಡವರ ಟಿಕೆಟ್. ಆನ್‌ಲೈನಿನಲ್ಲಿ ಟಿಕೆಟ್ ಕೊಳ್ಳುವ ಮುನ್ನ ಮಕ್ಕಳನ್ನು ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗುವಂತೆ ನಿಲ್ಲಿಸಿ, ನೆತ್ತಿಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಅಡ್ಡವಿಟ್ಟು ಪೆನ್ಸಿಲಿನಲ್ಲಿ ಗೆರೆ ಹಾಕಿ ಟೇಪಿನಿಂದ ಅಳೆಯಿರಿ. ಶಾಲೆಯ ದಾಖಲೆಯಲ್ಲಿ ಕಳೆದ ವರ್ಷ ಬರೆದ ಎತ್ತರವನ್ನು ನಂಬಿದರೆ ಬಾಗಿಲಲ್ಲಿ ವ್ಯತ್ಯಾಸದ ಹಣ ಕಟ್ಟುವ ಸಂದರ್ಭ ಬರಬಹುದು. ಎತ್ತರದ ಮಿತಿ ರೈಡುಗಳಿಗೂ ಇರುವುದರಿಂದ, ಭಾರಿ ರೈಡುಗಳ ಆಸೆಯಿಂದಲೇ ಬಂದು ಎರಡು ಸೆಂಟಿಮೀಟರಿನ ಕೊರತೆಯಿಂದ ಹೊರಗೆ ನಿಲ್ಲಬೇಕಾದ ಮಗುವಿನ ಮುನಿಸು ಇಡೀ ಮಧ್ಯಾಹ್ನವನ್ನು ನುಂಗಬಲ್ಲದು. ಯಾರು ಯಾವುದನ್ನು ಹತ್ತಬಹುದು ಎಂಬುದನ್ನು ಮನೆಯಲ್ಲೇ ತಿಳಿಸಿಬಿಡುವುದು ಒಳ್ಳೆಯದು. ಕಾಲೇಜು ಮಕ್ಕಳಿದ್ದರೆ ಗುರುತಿನ ಚೀಟಿ, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಪರೀಕ್ಷೆ ಬರೆದವರಿದ್ದರೆ ಪ್ರವೇಶ ಪತ್ರ ಜೊತೆಗಿರಲಿ. ಅವುಗಳ ಮೇಲೆ ಆಗಾಗ ರಿಯಾಯಿತಿ ಪ್ರಕಟವಾಗುತ್ತಿರುತ್ತದೆ.

ಹಿರಿಯರ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಅರವತ್ತು ದಾಟಿದವರಿಗೆ ಟಿಕೆಟ್ ದರದಲ್ಲಿ ರಿಯಾಯಿತಿ ಇದ್ದರೂ, ಹೃದಯದ ತೊಂದರೆ, ರಕ್ತದೊತ್ತಡ, ಬೆನ್ನುನೋವು ಅಥವಾ ಇತ್ತೀಚಿನ ಶಸ್ತ್ರಚಿಕಿತ್ಸೆ ಇರುವವರು ರಭಸದ ರೈಡುಗಳನ್ನು ಹತ್ತುವಂತಿಲ್ಲ. ಉಳಿಯುವುದು ಎತ್ತರದಿಂದ ಸುತ್ತಲಿನ ನೋಟ ತೋರಿಸುವ ಸ್ಕೈ ವೀಲ್, ನಿಧಾನಕ್ಕೆ ಹರಿಯುವ ಲೇಜಿ ರಿವರ್, ಅಲೆಗಳ ಕೊಳದ ಅಂಚು ಮತ್ತು ಬಿಸಿಲು. ಕೆಲವು ಅಜ್ಜಿಯರಿಗೆ ಅಷ್ಟೇ ಸಾಕು, ಅಲೆಗಳ ಕೊಳದಲ್ಲಿ ಮೊಮ್ಮಕ್ಕಳಿಗಿಂತ ಹೆಚ್ಚು ಹೊತ್ತು ಕಳೆಯುವವರೂ ಇದ್ದಾರೆ. ಹಾಗಾಗಿ ಅವರ ಪರವಾಗಿ ನಾವೇ ತೀರ್ಮಾನಿಸದೆ, “ನಿಮಗೆ ನೀರಿಗೆ ಇಳಿಯುವ ಮನಸ್ಸಿದೆಯಾ ಅಜ್ಜಿ?” ಎಂದು ನೇರವಾಗಿ ಕೇಳಬೇಕು. “ನೀವೆಲ್ಲ ಆಡಿ, ನಾನು ಒಂದು ಕಡೆ ಕೂತಿರ್ತೀನಿ” ಎಂಬ ಉತ್ತರ ಬಂದರೆ ಅದನ್ನು ಟಿಕೆಟ್ ಬೇಡವೆಂದೇ ಅರ್ಥಮಾಡಿಕೊಳ್ಳಬಹುದು. ಆದರೆ ಬೇಡವೆಂದವರನ್ನು ವಾಹನದಲ್ಲಿ ಕೂರಿಸಿ ಬಿಟ್ಟುಹೋಗುವುದು ಅನ್ಯಾಯ. ಅವರಿಗೂ ಒಂದು ಪ್ರವಾಸ ಬೇಕು.

ಬಿಡದಿಯ ಅನುಕೂಲವಿರುವುದು ಇಲ್ಲಿಯೇ. ಕಿರಿಯರನ್ನು ಪಾರ್ಕಿನ ಬಾಗಿಲಲ್ಲಿ ಇಳಿಸಿದ ವಾಹನ ಅದೇ ದಾರಿಯಲ್ಲಿ ಮುಂದೆ ಸಾಗಿದರೆ, ಎಚ್.ಎಲ್. ನಾಗೇಗೌಡರು ಕಟ್ಟಿ ಬೆಳೆಸಿದ ಜಾನಪದ ಲೋಕ ರಾಮನಗರ ದಾಟಿದೊಡನೆ ಸಿಗುತ್ತದೆ. ಬೀಸುವ ಕಲ್ಲು, ಒನಕೆ, ಸೇರು, ಕೊಳಗ, ತೊಗಲುಗೊಂಬೆಗಳನ್ನು ನೋಡುತ್ತ ನಿಂತ ಹಿರಿಯರಿಗೆ ಅಲ್ಲಿ ಮಾರ್ಗದರ್ಶಿಯ ಅಗತ್ಯವೇ ಇರುವುದಿಲ್ಲ. ಪ್ರತಿಯೊಂದು ವಸ್ತುವಿಗೂ ಅವರದೇ ಒಂದು ಕಥೆ ಇರುತ್ತದೆ. ಅಲ್ಲಿಂದ ಕೆಂಗಲ್ ಆಂಜನೇಯನ ದರ್ಶನ, ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿ, ಊಟ, ಸ್ವಲ್ಪ ವಿಶ್ರಾಂತಿ ಮುಗಿಸಿ ಸಂಜೆಗೆ ಪಾರ್ಕಿನ ಬಾಗಿಲಿಗೆ ಮರಳಬಹುದು. ಜೊತೆಗೆ ನಡುವಯಸ್ಸಿನವರಲ್ಲಿ ಒಬ್ಬರು, ರೈಡುಗಳೆಂದರೆ ತಲೆಸುತ್ತು ಬರುವವರೇ ಆದರೆ ಇನ್ನೂ ಒಳ್ಳೆಯದು, ಹೋಗಬೇಕು. ಲೆಕ್ಕಕ್ಕೆಂದು ಹಿರಿಯರ ಟಿಕೆಟ್ 900 ರೂಪಾಯಿ, ದೊಡ್ಡವರದು 1,200 ಎಂದಿಟ್ಟುಕೊಂಡರೆ, ನಾಲ್ವರು ಹಿರಿಯರೂ ಅವರ ಜೊತೆಗಾರರೊಬ್ಬರೂ ಹೊರಗುಳಿದಾಗ 4,800 ರೂಪಾಯಿ ಉಳಿಯುತ್ತದೆ. ಅದರಲ್ಲಿ ಅವರ ದಿನವೂ ಚೆನ್ನಾಗಿ ಕಳೆಯುತ್ತದೆ, ವಾಹನದ ಬಾಡಿಗೆಗೂ ಒಂದಷ್ಟು ಒದಗುತ್ತದೆ.

ದಿನವನ್ನು ಆರಿಸುವಾಗ ಶನಿವಾರ, ಭಾನುವಾರ, ಸರ್ಕಾರಿ ರಜೆ, ದಸರಾ ರಜೆ ಮತ್ತು ಕ್ರಿಸ್‌ಮಸ್ ವಾರವನ್ನು ಬಿಡಬೇಕು. ಟಿಕೆಟ್ ದರ ದಿನಕ್ಕೆ ತಕ್ಕಂತೆ ಬದಲಾಗುವುದಲ್ಲದೆ, ಸರತಿ ಉದ್ದವಾದಷ್ಟೂ ಕೊಟ್ಟ ಹಣಕ್ಕೆ ಸಿಗುವ ರೈಡುಗಳು ಕಡಿಮೆಯಾಗುತ್ತವೆ. ಬೇಸಿಗೆ ರಜೆಯಲ್ಲೇ ಹೋಗಬೇಕಾದರೆ ವಾರದ ನಡುವಿನ ದಿನವನ್ನು ಹಿಡಿಯಿರಿ. ಮಳೆಗಾಲದಲ್ಲಿ ಜನ ಕಡಿಮೆ, ಆದರೆ ಗುಡುಗು ಮಿಂಚು ಬಂದಾಗ ಎತ್ತರದ ರೈಡುಗಳನ್ನು ನಿಲ್ಲಿಸುತ್ತಾರೆ ಎಂಬುದು ನೆನಪಿರಲಿ. ಕೆಲವು ದಿನ ಮುಂಚೆ ಆನ್‌ಲೈನಿನಲ್ಲಿ ಕೊಂಡರೆ ಸಿಗುವ ರಿಯಾಯಿತಿಯನ್ನೂ ದೊಡ್ಡ ಗುಂಪಿಗೆ ಕೊಡುವ ರಿಯಾಯಿತಿಯನ್ನೂ ಹೋಲಿಸಿ ನೋಡಬೇಕು, ಏಕೆಂದರೆ ಎರಡನ್ನೂ ಒಟ್ಟಿಗೆ ಕೊಡುವುದು ಅಪರೂಪ. ದೂರವಾಣಿಯಲ್ಲಿ ದರ ಕೇಳುವಾಗ ತೆರಿಗೆ ಸೇರಿದೆಯೇ ಎಂದು ಕೇಳುವುದನ್ನು ಮರೆಯಬಾರದು. 2017ರಲ್ಲಿ ಶೇಕಡಾ 28ರಷ್ಟಿದ್ದ ಜಿಎಸ್‌ಟಿ 2018ರ ಜನವರಿಯಲ್ಲಿ ಶೇಕಡಾ 18ಕ್ಕೆ ಇಳಿಯಿತಾದರೂ, ಹದಿನೇಳು ಟಿಕೆಟ್ಟುಗಳ ಮೇಲೆ ಅದು ಸಣ್ಣ ಮೊತ್ತವಲ್ಲ.

ಪ್ರಯಾಣಕ್ಕೆ ಊರಿನಿಂದಲೇ ಮಿನಿ ಬಸ್ ಮಾಡಿಕೊಳ್ಳುವುದು ಎಲ್ಲರ ಮನಸ್ಸಿಗೆ ಮೊದಲು ಬರುವ ದಾರಿ, ಆದರೆ ಅಗ್ಗದ ದಾರಿಯಲ್ಲ. ದಿನಕ್ಕೆ ಇಂತಿಷ್ಟು ಕಿಲೋಮೀಟರ್ ಎಂಬ ಕನಿಷ್ಠ ಲೆಕ್ಕ, ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್ ಎಲ್ಲವೂ ಸೇರುತ್ತವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೂ ಹೆಣ್ಣುಮಕ್ಕಳಿಗೂ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಅರವತ್ತು ದಾಟಿದ ಪುರುಷರಿಗೆ ಶೇಕಡಾ 25 ರಿಯಾಯಿತಿ, 6ರಿಂದ 12 ವರ್ಷದೊಳಗಿನ ಹುಡುಗರಿಗೆ ಅರ್ಧ ಟಿಕೆಟ್. ನಮ್ಮ ಇಪ್ಪತ್ತೆರಡು ಮಂದಿಯಲ್ಲಿ ಹನ್ನೆರಡು ಮಂದಿ ಹೆಂಗಸರು ಮತ್ತು ಹುಡುಗಿಯರು, ಇಬ್ಬರು ಅಜ್ಜಂದಿರು, ಮೂವರು ಸಣ್ಣ ಹುಡುಗರು, ಐವರು ಗಂಡಸರು ಇದ್ದರೆ, ಒಟ್ಟು ತೆರಬೇಕಾದುದು ಎಂಟು ಪೂರ್ಣ ಟಿಕೆಟ್ಟುಗಳ ಹಣ ಮಾತ್ರ. ರಾಜಹಂಸ, ಐರಾವತ, ಸ್ಲೀಪರ್ ಬಸ್ಸುಗಳಿಗೆ ಈ ಸೌಲಭ್ಯವಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕಾಗುವುದರಿಂದ ಪುಣೆಯಿಂದಲೋ ಚೆನ್ನೈಯಿಂದಲೋ ಬಂದ ಸೊಸೆಗೆ ಟಿಕೆಟ್ ಕೊಳ್ಳಬೇಕು. ಇಷ್ಟು ಜನಕ್ಕೆ ಸೀಟು ಸಿಗಬೇಕಾದರೆ ಬಸ್ ಹೊರಡುವ ನಿಲ್ದಾಣದಲ್ಲೇ ಹತ್ತಬೇಕು. ಬೆಂಗಳೂರು ತಲುಪಿದ ಮೇಲೆ ಒಂದು ದಿನದ ಮಟ್ಟಿಗೆ ವಾಹನ ಗೊತ್ತುಮಾಡಿಕೊಂಡರೆ ಸಾಕು.

ಕಾಲು ನೀಡಿ ಮಲಗಲೇಬೇಕಾದ ಹಿರಿಯರಿದ್ದರೆ ರೈಲೇ ಸರಿ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚಿನಲ್ಲೇ ನಿಂತಿದೆ, ಆದರೆ ಕೆಳಗಿನ ಬರ್ತಿನ ಕೋಟಾ ಇದೆ. ಅರವತ್ತು ದಾಟಿದ ಗಂಡಸರೂ 45 ದಾಟಿದ ಹೆಂಗಸರೂ ಒಬ್ಬರೇ ಅಥವಾ ಇಬ್ಬರೇ ಇರುವ ಟಿಕೆಟ್ಟಿಗೆ ಮಾತ್ರ ಅದು ಅನ್ವಯಿಸುವುದರಿಂದ, ಒಂದು ಟಿಕೆಟ್ಟಿನಲ್ಲಿ ಆರು ಮಂದಿಯ ಹೆಸರು ತುಂಬಿಸುವ ಬದಲು ಹಿರಿಯರದನ್ನು ಇಬ್ಬಿಬ್ಬರಂತೆ ಬೇರೆಯಾಗಿ ಮಾಡಿಸಿ. ಕಾಯ್ದಿರಿಸುವಿಕೆ ಪ್ರಯಾಣಕ್ಕೆ 60 ದಿನ ಮೊದಲು ತೆರೆಯುತ್ತದೆ.

ರಾತ್ರಿಯ ಪ್ರಯಾಣ ಮುಗಿಸಿ ಬೆಳಗ್ಗೆಯೇ ಬೆಂಗಳೂರು ತಲುಪಿದರೆ ಒಂದು ರಾತ್ರಿಯ ವಸತಿ ಖರ್ಚು ಉಳಿಯುತ್ತದೆ. ಮುಖ ತೊಳೆದು, ಸ್ನಾನ ಮಾಡಲು ನಗರದ ನೆಂಟರ ಮನೆ ಇದ್ದರೆ ಸರಿ. ಒಂದೇ ಬಚ್ಚಲಿನ ಮನೆಗೆ ಇಪ್ಪತ್ತೆರಡು ಮಂದಿ ನುಗ್ಗುವುದಕ್ಕಿಂತ ಎರಡು ಕೋಣೆಗಳನ್ನು ಅರ್ಧ ದಿನಕ್ಕೆ ಬಾಡಿಗೆಗೆ ಹಿಡಿಯುವುದು ನೆಂಟಸ್ತಿಕೆಗೂ ಕ್ಷೇಮ. ಪಾರ್ಕ್ ತೆರೆಯುವುದು ಹನ್ನೊಂದರ ಹೊತ್ತಿಗಾದ್ದರಿಂದ ಬಿಡದಿಯ ತಟ್ಟೆ ಇಡ್ಲಿಗೆ ಧಾರಾಳವಾಗಿ ಸಮಯವಿದೆ, ಅದನ್ನು ತಪ್ಪಿಸಬಾರದು. ಬೆಣ್ಣೆ ಹಾಕಿದ ಎರಡು ತಟ್ಟೆ ಇಡ್ಲಿ ಹೊಟ್ಟೆಗೆ ಬಿದ್ದರೆ ಪಾರ್ಕಿನೊಳಗಿನ ದುಬಾರಿ ಊಟದ ನೆನಪು ಎರಡು ಗಂಟೆಯವರೆಗೆ ಬರುವುದಿಲ್ಲ. ಹೊಸ ಹೆದ್ದಾರಿ ಬಿಡದಿ ಪಟ್ಟಣದೊಳಕ್ಕೆ ಬಾರದೆ ಹೊರಗಿನಿಂದಲೇ ಹೋಗುವುದರಿಂದ, ಹಳೆಯ ರಸ್ತೆಯಲ್ಲೇ ಹೋಗುವಂತೆ ಚಾಲಕರಿಗೆ ಮೊದಲೇ ಹೇಳಿ.

ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ. ಶಿಶು ಆಹಾರಕ್ಕೂ ಔಷಧಿಗೂ ಅಡ್ಡಿಯಿಲ್ಲ. ಆದ್ದರಿಂದ ಒಳಗಿರುವವರು ಮಧ್ಯಾಹ್ನ ಒಂದು ಹೊತ್ತು ಅಲ್ಲಿಯೇ ಉಣ್ಣುವುದೆಂದು ಲೆಕ್ಕ ಹಾಕಿ, ಸಂಜೆ ಹೊರಬಂದೊಡನೆ ಬೇಕಾಗುವ ಚಕ್ಕುಲಿ, ಕೋಡುಬಳೆ, ಬಾಳೆಹಣ್ಣು, ಪುಳಿಯೋಗರೆಯನ್ನು ವಾಹನದಲ್ಲಿ ಇಡಬೇಕು. ಬಟ್ಟೆಯ ವಿಷಯದಲ್ಲಿ ಎಚ್ಚರ ಬೇಕು: ನೀರಿನ ರೈಡುಗಳಿಗೆ ಹತ್ತಿಬಟ್ಟೆ, ಸೀರೆ, ಜೀನ್ಸ್ ನಡೆಯುವುದಿಲ್ಲ, ನೈಲಾನಿನಂಥ ಈಜುಡುಗೆಯೇ ಆಗಬೇಕು. ಹತ್ತು ಹದಿನೈದು ಮಂದಿಗೆ ಅದನ್ನು ಪಾರ್ಕಿನ ಅಂಗಡಿಯಲ್ಲಿ ಕೊಂಡರೆ ಇನ್ನೊಂದಷ್ಟು ಟಿಕೆಟ್ಟುಗಳ ಹಣ ಹೋಗುತ್ತದೆ. ಊರಿನ ಅಂಗಡಿಯಲ್ಲೇ ನೈಲಾನ್ ಟೀ ಶರ್ಟು, ಲೆಗ್ಗಿಂಗ್ಸ್ ಕೊಂಡುಕೊಳ್ಳಿ. ಲಾಕರುಗಳನ್ನು ತಲೆಗೊಂದರಂತೆ ತೆಗೆದುಕೊಳ್ಳದೆ ಮನೆಗೊಂದರಂತೆ ತೆಗೆದುಕೊಂಡರೆ ಸಾಕು.

ಫೋನುಗಳು ಲಾಕರಿನಲ್ಲಿರುವಾಗ ಒಬ್ಬರನ್ನೊಬ್ಬರು ಹುಡುಕುವುದರಲ್ಲೇ ಗಂಟೆಗಳು ಹೋಗುತ್ತವೆ. ಒಳಗೆ ಕಾಲಿಟ್ಟೊಡನೆ ಒಂದು ಜಾಗವನ್ನೂ ಎರಡು ಸಮಯಗಳನ್ನೂ ಗೊತ್ತುಮಾಡಿ, ಗುಂಪನ್ನು ಮೂರಾಗಿ ಒಡೆಯಿರಿ: ಭಾರಿ ರೈಡಿನವರು, ನೀರಿನವರು, ಸಣ್ಣ ಮಕ್ಕಳೂ ಅವರನ್ನು ನೋಡಿಕೊಳ್ಳುವವರೂ. ಸಣ್ಣ ಮಕ್ಕಳ ಜವಾಬ್ದಾರಿ ಊಟದ ನಂತರ ಕಡ್ಡಾಯವಾಗಿ ಕೈ ಬದಲಾಗಬೇಕು, ಇಲ್ಲವಾದರೆ ಆ ಮಕ್ಕಳ ತಾಯಂದಿರು ಪೂರ್ಣ ಟಿಕೆಟ್ ಕೊಟ್ಟೂ ಒಂದು ರೈಡನ್ನೂ ಹತ್ತದೆ ಮನೆಗೆ ಬರುತ್ತಾರೆ. ಬೆಳಗ್ಗೆ ಒಣ ರೈಡುಗಳನ್ನು ಮುಗಿಸಿ ಬಿಸಿಲೇರಿದ ಮೇಲೆ ನೀರಿಗೆ ಇಳಿಯುವುದು ಅನುಕೂಲ.

ಇನ್ನು ಹಣದ ಪಾಲು. ಎಲ್ಲವನ್ನೂ ಕೂಡಿಸಿ ತಲೆಗಿಷ್ಟು ಎಂದು ಭಾಗಿಸುವುದು ಸುಲಭ, ಆದರೆ ಒಬ್ಬರ ದುಡಿಮೆಯಲ್ಲಿ ಐವರು ಬದುಕುವ ಮನೆಗೆ ಅದು ಭಾರವಾಗುತ್ತದೆ, ಅವರು ಬಾಯಿಬಿಟ್ಟು ಹೇಳುವುದೂ ಇಲ್ಲ. ವಾಹನದ ಬಾಡಿಗೆಯನ್ನು ಸೀಟಿನ ಲೆಕ್ಕದಲ್ಲಿ, ಪಾರ್ಕಿನ ಟಿಕೆಟ್ಟನ್ನು ಆಯಾ ಮನೆಯ ಲೆಕ್ಕದಲ್ಲಿ ಇಟ್ಟು, ಹಿರಿಯರ ಸಮಸ್ತ ಖರ್ಚನ್ನು ದುಡಿಯುವ ಮಕ್ಕಳೆಲ್ಲ ಹಂಚಿಕೊಳ್ಳುವುದು ನನ್ನ ಮಟ್ಟಿಗೆ ಸರಿಯಾದ ಕ್ರಮ. ಒಳಗಿನ ಐಸ್‌ಕ್ರೀಮ್, ಫೋಟೊ, ಆಟಿಕೆ ಅವರವರ ಖರ್ಚು. ಇದನ್ನು ಹೊರಡುವ ಮುನ್ನವೇ ಮಕ್ಕಳ ಎದುರಿಗೇ ಹೇಳಿದರೆ, ಒಬ್ಬರ ಮಗುವಿಗೆ ಕೊಡಿಸಿದ್ದನ್ನು ಉಳಿದ ಐವರಿಗೂ ಕೊಡಿಸಬೇಕಾದ ಸಂಕಟ ತಪ್ಪುತ್ತದೆ. ಟಿಕೆಟ್ ರದ್ದಾದರೆ ಹಣ ಮರಳುವ ಭರವಸೆ ಇಲ್ಲದ ಕಾರಣ, ಮುಂಗಡ ಕೈಸೇರಿದವರ ಹೆಸರಿನಲ್ಲಷ್ಟೇ ಟಿಕೆಟ್ ಕೊಳ್ಳಬೇಕು. ಲೆಕ್ಕ ಬರೆಯುವ ಕೆಲಸ ಒಬ್ಬರದೇ ಇರಲಿ, ಪ್ರತಿ ರಸೀತಿಯ ಚಿತ್ರವೂ ಅಂದೇ ವಾಟ್ಸ್ಆ್ಯಪ್ ಗುಂಪಿಗೆ ಬೀಳಲಿ.

ಸಂಜೆ ಪಾರ್ಕ್ ಮುಚ್ಚುವ ಹೊತ್ತಿಗೆ ಎಲ್ಲರೂ ಒಮ್ಮೆಗೇ ಬಟ್ಟೆ ಬದಲಿಸುವ ಕೋಣೆಗೆ ನುಗ್ಗುತ್ತಾರೆ. ಅದಕ್ಕೆ ಮುಕ್ಕಾಲು ಗಂಟೆ ಮೊದಲೇ ನೀರಿನಿಂದ ಎದ್ದರೆ ಮಕ್ಕಳ ತಲೆ ಒರೆಸಿ, ಒದ್ದೆ ಬಟ್ಟೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಲಾಕರಿನ ಠೇವಣಿ ಮರಳಿ ಪಡೆದು ನಿಧಾನವಾಗಿ ಹೊರಬರಬಹುದು. ಕೆಂಗೇರಿಯಿಂದಾಚೆಗೆ ಸಂಜೆಯ ವಾಹನ ದಟ್ಟಣೆ ಹೆಚ್ಚಿರುವುದರಿಂದ ಊರಿಗೆ ಮರಳುವ ಬಸ್ಸನ್ನೋ ರೈಲನ್ನೋ ರಾತ್ರಿ ಹತ್ತರ ನಂತರದ್ದನ್ನೇ ಆರಿಸಿಕೊಳ್ಳಿ.